ಸಾಣೆಗೆ ಎಂಟು ಡಾಲರ್, ಜಗಳ ಪುಕ್ಕಟೆ

ಅರ್ಜೆಂಟಿದ್ದರೆ ಈ ಅಂಗಡಿಗೆ ಹೋಗಬೇಡಿ. ಮಗುವಿನ ಐಸ್ ಹಾಕಿ ಮ್ಯಾಚ್ ನಾಲ್ಕಕ್ಕೆ, ನೀವು ಮೂರೂವರೆಗೆ ಸ್ಕೇಟ್ ಹಿಡಿದುಕೊಂಡು ಓಡಿದಿರೋ, ಕೆಟ್ಟಿರಿ. ಅದೊಂದು ಬಿಟ್ಟರೆ ಮಾಂಟ್ರಿಯಲ್‌ನಲ್ಲಿ ಸ್ಕೇಟಿಗೆ ಸಾಣೆ ಹಿಡಿಸೋಕೆ ನಾನು ಬೇರೆ ಕಡೆ ಕಾಲಿಡಲ್ಲ.

ಜಾಗ ವರ್ಡನ್‌ನಲ್ಲಿ, ವೆಲಿಂಗ್ಟನ್ ರಸ್ತೆಯಿಂದ ಒಂದು ತಿರುವು ಒಳಗೆ. ಹೆಸರು ಹಾಕ್ತಿಲ್ಲ. ಯಜಮಾನರನ್ನು ಕೇಳಿದ್ದಕ್ಕೆ, "ಬರೀರಿ ಮದಾಮ್, ಹೆಸರು ಮಾತ್ರ ಬೇಡ. ಈಗ ಬರೋರೇ ಜಾಸ್ತಿಯಾಗಿದ್ದಾರೆ" ಅಂದರು. ಇಂಥ ವ್ಯಾಪಾರಿಯನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಇಲ್ಲಿರೋ ಕನ್ನಡದ ಅಪ್ಪ ಅಮ್ಮಂದಿರು ಕೇಳಿದರೆ ದಾರಿ ಹೇಳ್ತೀನಿ.

ನಾನು ಸೋಮವಾರಪೇಟೆಯವಳು. ಹಾಕಿ ಅಂದರೆ ನನ್ನ ಕಣ್ಣಿಗೆ ಕಟ್ಟೋದು ಮೈದಾನ, ಬಲಗಡೆಯ ಅಂಚಲ್ಲಿ ನಮ್ಮೂರ ಎಸ್.ವಿ. ಸುನಿಲ್ ಓಡೋ ಓಟ, ರಘುನಾಥ್ ಹೊಡೆಯೋ ಡ್ರ್ಯಾಗ್ ಫ್ಲಿಕ್. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ಅಪ್ಪ ನನ್ನನ್ನೂ ಕರಕೊಂಡು ಹೋಗ್ತಿದ್ದರು. ನಾವು ಕೊಡವರಲ್ಲ, ಬರೀ ನೋಡುಗರು. ಆಟಕ್ಕಿಂತ ನನಗೆ ರುಚಿಸ್ತಿದ್ದದ್ದು ಹಿಂದಿನ ಸಾಲಲ್ಲಿ ಕೂತ ತಾತಂದಿರ ವಾದ. 2022ರ ಅಕ್ಟೋಬರ್‌ನಲ್ಲಿ ಮಗನ ಹೊಸ ಸ್ಕೇಟ್ ಹಿಡಿದು ಈ ಅಂಗಡಿ ಬಾಗಿಲು ತಳ್ಳಿದಾಗ ಅದೇ ಸಾಲು ಇಲ್ಲಿಗೆ ಎದ್ದು ಬಂದು ಕೂತಿತ್ತು. ಭಾಷೆ ಫ್ರೆಂಚ್, ಅಷ್ಟೇ ವ್ಯತ್ಯಾಸ.

ಕೆಲಸದ ವಿಷಯ ಮೊದಲು. ಸ್ಕೇಟಿನ ಬ್ಲೇಡ್ ಚಾಕುವಿನ ಹಾಗೆ ಒಂದೇ ಮೊನೆ ಅಲ್ಲ ಅನ್ನೋದೇ ನನಗೆ ಗೊತ್ತಿರಲಿಲ್ಲ. ತಳದ ನಡುವೆ ಉದ್ದಕ್ಕೂ ಒಂದು ಕಾಲುವೆ, ಅದರ ಎರಡು ದಡವೇ ಎರಡು ಅಂಚು. ತಿರುಗೋ ಕಲ್ಲಿನ ಬಾಯನ್ನು ವಜ್ರದ ಮೊನೆಯಿಂದ ಎಷ್ಟು ದುಂಡಗೆ ಕೆತ್ತುತ್ತಾರೋ ಕಾಲುವೆಯ ಆಳ ಅಷ್ಟು. ಅರ್ಧ ಇಂಚಿನ ದುಂಡು ಅಂದರೆ ಆಳ ಜಾಸ್ತಿ, ಐಸನ್ನು ಕಚ್ಚಿ ಹಿಡಿಯುತ್ತೆ. ದುಂಡು ದೊಡ್ಡದಾದಷ್ಟೂ ಕಾಲುವೆಯ ಆಳ ಕಡಿಮೆಯಾಗುತ್ತೆ, ಜಾರೋದು ಸಲೀಸು, ಹಿಡಿತ ಕಡಿಮೆ. ಯಜಮಾನರು ಮಗನನ್ನು ಮೇಲಿಂದ ಕೆಳಗೆ ನೋಡಿ, ತೂಕ ಕೇಳಿ, ಅರ್ಧ ಇಂಚು ಅಂತ ಚೀಟಿಯಲ್ಲಿ ಬರೆದರು. ಆಮೇಲೆ ಪ್ರತಿ ಸಲ ಅವರಿಗೇ ನೆನಪಿರುತ್ತೆ. ಕೊನೆಗೆ ಬ್ಲೇಡ್ ಮೇಲೆ ಪುಟ್ಟ ಅಳತೆಪಟ್ಟಿ ಅಡ್ಡ ಇಟ್ಟು ಎರಡು ದಡವೂ ಸಮ ಇದೆಯಾ ನೋಡಿ, ಸಣ್ಣ ಕಲ್ಲಿನಿಂದ ಅಂಚಿನ ಸಿಬಿರು ತೆಗೀತಾರೆ. ಊರಲ್ಲಿ ಸೈಕಲ್ ಮೇಲೆ ಚಕ್ರ ಕಟ್ಟಿಕೊಂಡು ಬರ್ತಿದ್ದ ಸಾಣೆಯವನೂ ಹೀಗೇ ಕತ್ತರಿಯನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡ್ತಿದ್ದ.

ದರ ಎಂಟು ಡಾಲರ್. ಕಾರ್ಡ್ ನಡೆಯಲ್ಲ, ನೋಟೇ ಬೇಕು. ಸೆಕೆಂಡ್‌ಹ್ಯಾಂಡ್ ಸಾಮಾನೂ ಇದೆ. ಹೆಲ್ಮೆಟ್ ಹೊಸದೇ ಕೊಳ್ಳಿ, ಉಳಿದದ್ದು ಇಲ್ಲೇ ಸಾಕು. ಗ್ಲೌಸಿನ ಮೂಲೆಯಲ್ಲಿ ಮಾತ್ರ ಮೂಗು ಮುಚ್ಚಿಕೊಳ್ಳಿ, ಜೂನ್ ಮಳೆಯಲ್ಲಿ ಒಣಗದ ಕಂಬಳಿಯೇ ವಾಸಿ.

ಈಗ ಪುಕ್ಕಟೆ ಸಿಗೋದರ ವಿಷಯ. ಯಜಮಾನರಿಗೆ ಎಪ್ಪತ್ತರ ಆಸುಪಾಸು. ಜೊತೆಗೆ ಅಕ್ಕನ ಮಗ, ಇಪ್ಪತ್ತೈದಿರಬಹುದು. ಅವನು "ಮೊನೊಂಕ್ಲ್" ಅಂದಾಗೆಲ್ಲ ನನ್ನ ಕಿವಿಗೆ "ಮಾವ" ಅಂತಲೇ ಕೇಳ್ಸುತ್ತೆ. ಮೂರು ಚಳಿಗಾಲದಿಂದ ಇವರಿಬ್ಬರು ಜಗಳವಾಡ್ತಿರೋದು ಒಬ್ಬನೇ ಹುಡುಗನ ಬಗ್ಗೆ: ಯುರಾಯ್ ಸ್ಲಾಫ್ಕೋವ್ಸ್ಕಿ.

2022ರ ಡ್ರಾಫ್ಟ್ (ದೊಡ್ಡ ಲೀಗಿನ ತಂಡಗಳು ಹೊಸ ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳೋದು) ಮಾಂಟ್ರಿಯಲ್‌ನಲ್ಲೇ ನಡೀತು, ಮೊದಲ ಆಯ್ಕೆಯೂ ಈ ಊರಿನ ಕೆನೆಡಿಯನ್ಸ್ ತಂಡದ್ದೇ. ಎಲ್ಲರ ಬಾಯಲ್ಲಿ ಶೇನ್ ರೈಟ್ ಹೆಸರಿತ್ತು. ಇವರು ಕರೆದದ್ದು ಸ್ಲೊವಾಕಿಯಾದ, ಹದಿನೆಂಟು ವರ್ಷದ, ಆರಡಿ ಮೂರಿಂಚಿನ ಹುಡುಗನನ್ನು. ರೈಟ್ ನಾಲ್ಕನೆಯವನಾಗಿ ಸಿಯಾಟಲ್‌ಗೆ ಹೋದ. ಸ್ಲಾಫ್ಕೋವ್ಸ್ಕಿ ಮೊದಲ ವರ್ಷ 39 ಪಂದ್ಯ ಆಡಿ 4 ಗೋಲು, 10 ಪಾಯಿಂಟ್ (ತಾನು ಹೊಡೆದ ಗೋಲು, ಬೇರೆಯವರ ಗೋಲಿಗೆ ಕೊಟ್ಟ ನೆರವು ಎರಡೂ ಸೇರಿ) ಮಾಡಿ ಮಂಡಿ ಪೆಟ್ಟಿನಿಂದ ಕೂತ. ಅಳಿಯನ ವಾದ ಆಗಲೇ ಶುರು: "ಅವನನ್ನ ಲಾವಾಲ್‌ಗೆ ಕಳಿಸಿ ಕೆಳಗಿನ ಲೀಗಲ್ಲಿ ಪಳಗಿಸಬೇಕಿತ್ತು ಮಾವ. ನೀರಿಗೆ ನೂಕಿ ಈಜು ಅಂದ್ರೆ ಹೇಗೆ?" ಯಜಮಾನರ ಉತ್ತರ ಯಾವಾಗಲೂ ಯಂತ್ರದ ಸದ್ದಿಗಿಂತ ಒಂದು ಪಟ್ಟು ಮೇಲೆ: "ದೊಡ್ಡವರ ಜೊತೆ ಆಡದೆ ದೊಡ್ಡವನಾಗೋದು ಹೇಗೆ?"

ಎರಡನೇ ವರ್ಷದ ಆರಂಭವೂ ಸಪ್ಪೆ. ಅಳಿಯ ಮೀಸೆ ತಿರುವುತ್ತಿದ್ದ. ಆಮೇಲೆ ತಂಡದ ಫಾರ್ವರ್ಡ್‌ಗಳಾದ ಸುಝುಕಿ, ಕಾಫೀಲ್ಡ್ ಜೊತೆ ಹುಡುಗನನ್ನು ಒಂದೇ ಸಾಲಲ್ಲಿ ಹಾಕಿದರು ನೋಡಿ, ವರ್ಷ ಮುಗಿಯೋ ಹೊತ್ತಿಗೆ 82 ಪಂದ್ಯಕ್ಕೆ 20 ಗೋಲು, 50 ಪಾಯಿಂಟ್. 2024ರ ಜುಲೈನಲ್ಲಿ ಎಂಟು ವರ್ಷದ ಒಪ್ಪಂದ, ವರ್ಷಕ್ಕೆ ಸರಾಸರಿ 76 ಲಕ್ಷ ಡಾಲರ್. ಮರುವರ್ಷ 18 ಗೋಲು, 51 ಪಾಯಿಂಟ್. ಅಳಿಯ ಕೈಬೆರಳು ಮಡಿಚಿ ಎಣಿಸಿದ: "ಇಷ್ಟು ದುಡ್ಡಿಗೆ ಒಂದೇ ಪಾಯಿಂಟ್ ಜಾಸ್ತಿ!" ಮೂಗಿಗಿಂತ ಮೂಗುತಿ ಭಾರ ಅನ್ನೋ ಗಾದೆಯನ್ನು ನನ್ನ ಹರಕು ಫ್ರೆಂಚಲ್ಲಿ ಹೇಳಹೋಗಿ ಇಬ್ಬರನ್ನೂ ಗಲಿಬಿಲಿ ಮಾಡಿದೆ.

ನನಗೆ ಅರ್ಥವಾಗದಿದ್ದದ್ದು ಒಂದೇ. ಚರ್ಚೆ ಈ ಫಾರ್ವರ್ಡ್ ಹುಡುಗನದ್ದು, ಯಜಮಾನರು ಮಾತ್ರ ಐದು ನಿಮಿಷಕ್ಕೊಮ್ಮೆ ಹಳೇ ಡಿಫೆನ್ಸ್‌ನವರ ಹೆಸರು ಜಪಿಸ್ತಾರಲ್ಲ, ಯಾಕೆ? ಒಂದು ಮಂಗಳವಾರ, ಹೊರಗೆ ಮೈನಸ್ ಇಪ್ಪತ್ತು, ಅಂಗಡಿಯಲ್ಲಿ ನಾನೊಬ್ಬಳೇ. ಕೇಳಿಯೇಬಿಟ್ಟೆ. ಕಲ್ಲು ನಿಲ್ಲಿಸಿದರು. ಅವರು ಕಲ್ಲು ನಿಲ್ಲಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಬೆರಳಿಂದ ಕೌಂಟರ್ ಮೇಲಿನ ಉಕ್ಕಿನ ಪುಡಿಯಲ್ಲಿ ಗೆರೆ ಎಳೆದು ಲೆಕ್ಕ ಕೊಟ್ಟರು. 1990: ಕ್ರಿಸ್ ಚೆಲಿಯೋಸನ್ನು ಷಿಕಾಗೋಗೆ ಕೊಟ್ಟು ದೆನಿ ಸವಾರ್‌ನನ್ನು ತಂದರು. 1995: ಎರಿಕ್ ದೇಜಾರ್ಡನ್, ಅವನ ಜೊತೆ ಜಾನ್ ಲೆಕ್ಲೇರ್‌ನನ್ನೂ ಫಿಲಡೆಲ್ಫಿಯಾಗೆ ಕೊಟ್ಟು ಮಾರ್ಕ್ ರೆಕಿ. 2009: ಇನ್ನೂ ಕಾಲೇಜಲ್ಲಿ ಆಡ್ತಿದ್ದ ರಯನ್ ಮೆಕ್ಡೊನಾನನ್ನು ನ್ಯೂಯಾರ್ಕಿಗೆ ಕೊಟ್ಟು ಸ್ಕಾಟ್ ಗೋಮೆಝ್. 2017: ಮಿಖಾಯಿಲ್ ಸೆರ್ಗಚೋವ್‌ನನ್ನು ಟ್ಯಾಂಪಾಗೆ ಕೊಟ್ಟು ಜೊನಾಥನ್ ದ್ರುಆಂ. ನಾಲ್ಕು ಗೆರೆ. ಲೆಕ್ಲೇರ್‌ನನ್ನು ಬಿಟ್ಟರೆ ಈ ಲೆಕ್ಕದಲ್ಲಿ ಹೋದವರು ನಾಲ್ವರೂ ಡಿಫೆನ್ಸ್, ಅವರ ಬದಲಿಗೆ ಬಂದವರು ನಾಲ್ವರೂ ಫಾರ್ವರ್ಡ್. "ಗೋಲು ಹೊಡೆಯೋನು ಬೇಕು ಅಂತ ಪ್ರತಿ ಸಲ ಮನೆ ಬಾಗಿಲನ್ನೇ ಕಿತ್ತು ಮಾರಿದರು" ಅಂದರು. ಚೆಲಿಯೋಸ್ ಆಮೇಲೆ ಷಿಕಾಗೋದಲ್ಲಿ ಇನ್ನೆರಡು ಸಲ, ವರ್ಷದ ಅತ್ಯುತ್ತಮ ಡಿಫೆನ್ಸ್ ಆಟಗಾರನಿಗೆ ಕೊಡೋ ನಾರಿಸ್ ಟ್ರೋಫಿ ಗೆದ್ದ. 2021ರ ಫೈನಲ್‌ನಲ್ಲಿ ಮಾಂಟ್ರಿಯಲ್ ಟ್ಯಾಂಪಾ ಎದುರು ಸೋತಾಗ ಎದುರಾಳಿ ಡಿಫೆನ್ಸ್‌ನಲ್ಲಿ ನಿಂತಿದ್ದವರಲ್ಲಿ ಮೆಕ್ಡೊನಾ ಒಬ್ಬ, ಸೆರ್ಗಚೋವ್ ಇನ್ನೊಬ್ಬ. ಇದನ್ನು ಹೇಳುವಾಗ ಅವರ ದನಿಯಲ್ಲಿ ಕೋಪ ಇರಲಿಲ್ಲ. ಆಸ್ತಿ ಭಾಗವಾದ ಕಥೆ ಹೇಳುವಾಗ ನಮ್ಮ ದೊಡ್ಡಪ್ಪನ ದನಿ ಹೀಗಿರ್ತಿತ್ತು.

ಇದರಲ್ಲಿ ಇನ್ನೊಂದು ಗಂಟಿದೆ. ಸವಾರ್ ಬೆಳೆದದ್ದು ಇದೇ ವರ್ಡನ್‌ನಲ್ಲಿ. 1980ರಲ್ಲಿ ಡ್ರಾಫ್ಟಿನ ಮೊದಲ ಆಯ್ಕೆ ಕೆನೆಡಿಯನ್ಸ್ ಕೈಲಿದ್ದಾಗ ಊರ ಹುಡುಗನನ್ನು ಬಿಟ್ಟು ಡಗ್ ವಿಕನ್‌ಹೈಸರ್‌ನನ್ನು ಕರೆದರು. ಮೂರನೆಯವನಾಗಿ ಷಿಕಾಗೋ ಪಾಲಾದ ಸವಾರ್ ಅಲ್ಲಿ ಮೆರೆದ, ವಿಕನ್‌ಹೈಸರ್‌ನನ್ನು 1983ರಲ್ಲಿ ಇವರೇ ಸೇಂಟ್ ಲೂಯಿಗೆ ಸಾಗಹಾಕಿದರು. ಹತ್ತು ವರ್ಷ ಬಿಟ್ಟು ಅದೇ ಸವಾರ್‌ಗಾಗಿ ಚೆಲಿಯೋಸನ್ನು ತೆತ್ತರು. "ಪುಕ್ಕಟೆ ಸಿಗ್ತಿದ್ದವನನ್ನ ಕೊಂಡುಕೊಂಡರು ಮದಾಮ್!" 1980ರ ನಂತರ ಈ ತಂಡಕ್ಕೆ ಮೊದಲ ಆಯ್ಕೆ ಸಿಕ್ಕಿದ್ದು 2022ರಲ್ಲೇ. ಅಂದರೆ ಸ್ಲಾಫ್ಕೋವ್ಸ್ಕಿ ಹೆಗಲ ಮೇಲೆ ಕೂತಿರೋದು ವಿಕನ್‌ಹೈಸರನ ಭೂತ. ವಿಕನ್‌ಹೈಸರ್ ಹತ್ತಿರ ಯಾರಿಗೂ ತಾಳ್ಮೆ ಇರಲಿಲ್ಲ, ಈ ಹುಡುಗನಿಗಾದರೂ ಕಾಯ್ತಿದ್ದಾರೆ, ಕಾಯಲಿ ಬಿಡಿ ಅನ್ನೋದು ಯಜಮಾನರ ನಿಲುವು. ಕಾಫಿ ಗಿಡ ನೆಟ್ಟ ಮೂರ್ನಾಲ್ಕು ವರ್ಷಕ್ಕೆ ಹಣ್ಣು ಬಿಡೋದು, ಅಲ್ಲೀವರೆಗೂ ಬರೀ ನೆರಳು, ಗೊಬ್ಬರ ಅಂತ ನಾನೂ ಒಗ್ಗರಣೆ ಹಾಕಿದೆ. ಅವತ್ತಿಂದ ಅಂಗಡಿಯಲ್ಲಿ ನನ್ನ ಪಕ್ಷ ಯಾವುದು ಅಂತ ತೀರ್ಮಾನವಾಗಿದೆ.

ಅಳಿಯನಿಗೆ ಬ್ರಹ್ಮಾಸ್ತ್ರ ಸಿಕ್ಕಿದ್ದು 2024-25ರ ಸೀಸನ್‌ನಲ್ಲಿ. ಅದೇ 2022ರ ಡ್ರಾಫ್ಟಲ್ಲಿ 62ನೆಯವನಾಗಿ ಬಂದ ಗಿಡ್ಡ ಡಿಫೆನ್ಸ್ ಹುಡುಗ ಲೇನ್ ಹಟ್ಸನ್ ಮೊದಲ ಪೂರ್ಣ ವರ್ಷದಲ್ಲೇ 66 ಪಾಯಿಂಟ್ ಮಾಡಿ, ವರ್ಷದ ಅತ್ಯುತ್ತಮ ಹೊಸ ಆಟಗಾರನಿಗೆ ಕೊಡೋ ಕಾಲ್ಡರ್ ಟ್ರೋಫಿ ಹೊಡೆದ. ತಂಡದ ಹೊಸ ಡಿಫೆನ್ಸ್ ಆಟಗಾರರಲ್ಲಿ 64ರ ಹಳೇ ದಾಖಲೆ ಯಾರದ್ದು ಅಂದುಕೊಂಡಿರಿ? ಚೆಲಿಯೋಸ್‌ದೇ. "62ನೆಯವನು ಇಷ್ಟು ಮಾಡಿದ, ನಿನ್ನ ಒಂದನೆಯವನು?" ಅಂತ ಅಳಿಯ ಕೇಳಿದರೆ ಯಜಮಾನರಿಗೆ ನಗಬೇಕೋ ಸಿಟ್ಟಾಗಬೇಕೋ ತಿಳೀಲಿಲ್ಲ. ರಾಬಿನ್ಸನ್, ಸೆರ್ಜ್ ಸವಾರ್ (ಇವನು ಬೇರೆ ಸವಾರ್), ಲಪ್ವಾಂತ್ ಅನ್ನೋ ತಂಡದ ಹಳೇ ಡಿಫೆನ್ಸ್ ತ್ರಿಮೂರ್ತಿಗಳನ್ನು ಹರೆಯದಲ್ಲಿ ಕಣ್ಣಾರೆ ಕಂಡ ಮನುಷ್ಯ, ಡಿಫೆನ್ಸ್‌ನವನನ್ನು ಹೊಗಳಿದರೆ ಬೇಡ ಅನ್ನೋದು ಹೇಗೆ?

ದೂರು ಹೇಳದಿದ್ದರೆ ವಿಮರ್ಶೆ ಆಗಲ್ಲ. ಕಳೆದ ಜನವರಿಯ ಒಂದು ಶನಿವಾರ ಯಜಮಾನರು ಎಡಗಾಲಿನ ಸ್ಕೇಟ್ ಕಲ್ಲಿಗೆ ಹಿಡಿದಿದ್ದಾರೆ, ಆಗಲೇ ಯಾರೋ ಗಿರಾಕಿ, "2016ರಲ್ಲಿ ಸಬ್ಬನ್‌ನನ್ನ ಕೊಟ್ಟು ವೆಬರ್‌ನನ್ನ ತಂದದ್ದೇ ಸರಿ" ಅಂದುಬಿಟ್ಟ. ಇಬ್ಬರೂ ಡಿಫೆನ್ಸ್‌ನವರೇ. ಪಿ.ಕೆ. ಸಬ್ಬನ್ ಈ ಊರಿನ ಮಕ್ಕಳ ಆಸ್ಪತ್ರೆಗೆ ಒಂದು ಕೋಟಿ ಡಾಲರ್ ಕೂಡಿಸಿಕೊಡ್ತೀನಿ ಅಂತ ಮಾತು ಕೊಟ್ಟವನು. ಅವನ ಹೆಸರೆತ್ತಿದರೆ ಅರ್ಧ ಅಂಗಡಿಗೆ ಕಣ್ಣೀರು, ಇನ್ನರ್ಧಕ್ಕೆ ಕೋಪ. ಸಬ್ಬನ್ ಹೋದ ನ್ಯಾಶ್‌ವಿಲ್ 2017ರಲ್ಲಿ ಫೈನಲ್ ಮುಟ್ಟಿ ಸೋತಿತು, ವೆಬರ್ ಬಂದ ಮಾಂಟ್ರಿಯಲ್ 2021ರಲ್ಲಿ ಮುಟ್ಟಿ ಸೋತಿತು, ಇದರಲ್ಲಿ ಜಗಳಕ್ಕೇನಿದೆ ಅಂತ ನನಗೆ ಈಗಲೂ ಗೊತ್ತಿಲ್ಲ. ಯಜಮಾನರು ಮಾತ್ರ ತಲೆ ತಿರುಗಿಸಿ ವಾದಕ್ಕಿಳಿದರು, ಕೈ ತನ್ನ ಪಾಡಿಗೆ ಸಾಗಿತು. ಅವತ್ತು ಸಂಜೆ ನನ್ನ ಮಗ ಎಡಕ್ಕೆ ತಿರುಗಿದಾಗೆಲ್ಲ ಬಿದ್ದ. ಐದು ಸಲ ಎಣಿಸಿದೆ.

ಸೋಮವಾರ ತೆಗೆದುಕೊಂಡು ಹೋದೆ. ಅಳತೆಪಟ್ಟಿ ಇಟ್ಟರೆ ಒಂದು ಕಡೆಗೆ ವಾಲಿತು, ಕುರುಡರಿಗೂ ಕಾಣುವಷ್ಟು. ಕ್ಷಮೆ ಕೇಳಿ, ದುಡ್ಡಿಲ್ಲದೆ ಸರಿ ಮಾಡಿಕೊಟ್ಟರು. ಆದರೂ ಸವೆದ ಉಕ್ಕು ಮತ್ತೆ ಬರಲ್ಲವಲ್ಲ, ಆ ಸ್ಕೇಟಿನ ಆಯಸ್ಸು ಅಷ್ಟು ಕಮ್ಮಿಯಾಯ್ತು. ಐದರಲ್ಲಿ ನಾಲ್ಕೇ ಸ್ಟಾರ್ ಕೊಡ್ತಿರೋದು ಅದಕ್ಕೆ. ನನ್ನ ಸಲಹೆ: ವಾರದ ದಿನ, ಬೆಳಗ್ಗೆ ಹತ್ತರ ಒಳಗೆ ಹೋಗಿ, ಕಲ್ಲು ತಿರುಗ್ತಿರುವಾಗ ಸಬ್ಬನ್ ಹೆಸರು ಎತ್ತಬೇಡಿ.

ಮೊನ್ನೆ ಈ ಸೀಸನ್‌ನ ಮೊದಲ ಸಾಣೆ ಹಿಡಿಸೋಕೆ ಹೋಗಿದ್ದೆವು. ಮಗನಿಗೆ ಹೊಸ ಸ್ಟಿಕ್ ಬೇಕಿತ್ತು, ಸ್ಕೇಟ್ ಹಾಕಿ ನಿಲ್ಲಿಸಿ ಗಲ್ಲಕ್ಕೆ ಅಳೆದು ಕತ್ತರಿಸಿಕೊಟ್ಟರು. ಈ ವರ್ಷ ಎಲ್ಲಿ ಆಡ್ತೀಯ ಅಂತ ಅಳಿಯ ಕೇಳಿದ. ಮಗ ಎದೆಯುಬ್ಬಿಸಿ "ಡಿಫೆನ್ಸ್" ಅಂದ. ಯಜಮಾನರು ಡ್ರಾಯರಿನಿಂದ ಒಂದು ಟೇಪ್ ಸುರುಳಿ ತೆಗೆದು ಅವನ ಕೈಗಿಟ್ಟು, ನನ್ನ ಕಡೆ ತಿರುಗಿ ಹೇಳಿದರು: "ಹುಷಾರು ಮದಾಮ್. ಚೆನ್ನಾಗಿ ಆಡಿದರೆ ಮಾರಿಬಿಡ್ತಾರೆ."