ಬೋಟಿಗೆ ಫ್ಯೂಸ್ ಹಾಕಿದ್ದೆವು, ಆದರೂ ವೈರ್ ಸುಟ್ಟಿತು

ಬೀದರ್‌ನಲ್ಲಿ ಬೋಟ್ ಎಲ್ಲಿಂದ ಬಂತು ಅಂತ ನಗಬೇಡಿ. ನಾನೂ ನನ್ನ ಗೆಳೆಯನೂ ಸೇರಿ ಹೈದರಾಬಾದ್‌ನ ಒಂದು ಶೆಡ್ಡಿನಿಂದ 16 ಅಡಿಯ ಹಳೇ ಮರದ ಮೋಟಾರ್ ಬೋಟ್ ತಂದಿದ್ದೆವು. ಮಾರಿದವ ನಿಜಾಮರ ಕಾಲದ್ದು ಅಂದ. ಎಂಜಿನ್ ಪ್ಲೇಟ್ ಮೇಲೆ ನೋಡಿದರೆ 1962. ಇರಲಿ. ಎರಡು ವರ್ಷ ಭಾನುವಾರ ಭಾನುವಾರ ಕೂತು ಹಲಗೆ ಬದಲಿಸಿ, ಬಿರುಕು ಮುಚ್ಚಿ, ವಾರ್ನಿಷ್ ಹೊಡೆದು, ಕಾರ್ಬುರೇಟರ್ ಬಿಚ್ಚಿ ಜೋಡಿಸಿ, ಅನುಮತಿ ತಗೊಂಡು ಕಾರಂಜಾ ಹಿನ್ನೀರಿಗೆ ಇಳಿಸಿದೆವು. ಎಂಜಿನ್ ಚೆನ್ನಾಗೇ ಓಡಿತು. ಕೆಟ್ಟಿದ್ದು ಆಮೇಲೆ ಹಾಕಿಸಿದ ಲೈಟಿನಿಂದ.

ಸಂಜೆ ಹೊತ್ತಿಗೆ ಬೇಕು ಅಂತ ಮುಂದೆ ಎರಡು ಹ್ಯಾಲೊಜೆನ್ ಲೈಟ್, ಒಂದು ಹಾರ್ನ್ ಹಾಕಿಸೋಣ ಅಂತ ಕಾರ್ ವೈರಿಂಗ್ ಮಾಡುವ ಒಬ್ಬ ಉಸ್ತಾದರನ್ನು ಕರೆದೆವು. ಕೆಲಸ ಗೊತ್ತಿಲ್ಲದವರಲ್ಲ, ಮೂವತ್ತು ವರ್ಷದ ಕೈ. ನಾನು ಒಂದೆರಡು ಸಲ ಕೇಳಿದೆ ಕೂಡ, ಇದು ಬೋಟ್ ಅಲ್ವಾ, ಬೇರೆ ಥರ ಏನಾದರೂ ಇದೆಯಾ ಅಂತ. "ಏನೂ ಆಗಲ್ಲರೀ, ಎಷ್ಟು ಜೀಪಿಗೆ ಹಾಕೀನಿ, ಇದೂ 12 ವೋಲ್ಟೇ ಅದ" ಅಂದರು. ಸುಮ್ಮನಾದೆ. ತಪ್ಪು ನನ್ನದೂ ಇದೆ.

ಆ ದಿನ ದಡದಿಂದ ಐವತ್ತು ಅಡಿ ದೂರ ಇದ್ದೆವು. ಮೊದಲು ಸುಟ್ಟ ಪ್ಲಾಸ್ಟಿಕ್ ವಾಸನೆ. ಆಮೇಲೆ ಎಂಜಿನ್ ಪೆಟ್ಟಿಗೆಯಿಂದ ಸಣ್ಣ ಬಿಳಿ ಹೊಗೆ. ಬಗ್ಗಿ ನೋಡಿದರೆ ಬ್ಯಾಟರಿಯಿಂದ ಬಂದ ಕೆಂಪು ವೈರಿನ ಮೇಲೆ ಗುಳ್ಳೆ ಗುಳ್ಳೆ ಎದ್ದು, ತೊಗಟೆ ಮೇಣದ ಹಾಗೆ ತೊಟ್ಟಿಕ್ಕುತ್ತಿದೆ, ಒಳಗಿನ ತಾಮ್ರ ಕೆಂಡ. ಕೆಳಗೆ ಹೊಸ ವಾರ್ನಿಷ್ ಕಪ್ಪಾಗ್ತಾ ಇದೆ. ಲೈಟಿನ ಸ್ವಿಚ್ ಆಫ್ ಮಾಡಿದೆ, ಏನೂ ಬದಲಾಗಲಿಲ್ಲ. ಕೀ ತಿರುಗಿಸಿದೆ, ಎಂಜಿನ್ ನಿಂತಿತು, ವೈರ್ ಮಾತ್ರ ಉರೀತಾನೇ ಇತ್ತು. ಬ್ಯಾಟರಿ ಬಿಚ್ಚೋಣ ಅಂದರೆ 10 ನಂಬರ್ ಪಾನಾ ದಡದ ಮೇಲೆ ಬೈಕಿನ ಬ್ಯಾಗಲ್ಲಿ! ಕೊನೆಗೆ ಗೆಳೆಯ ಒದ್ದೆ ಟವೆಲ್ ಕೈಗೆ ಸುತ್ತಿಕೊಂಡು ಟರ್ಮಿನಲ್ಲಿನ ಕ್ಲಾಂಪನ್ನೇ ಹಿಡಿದು ತಿರುವಿ ಕಿತ್ತ. ಕ್ಲಾಂಪ್ ಸ್ವಲ್ಪ ಸಡಿಲ ಇದ್ದಿದ್ದಕ್ಕೆ ಬಂತು. ಅಂಗೈ ಮೇಲೆ ಅದರ ಗುರುತು ಈಗಲೂ ಇದೆ.

ಫ್ಯೂಸ್ ಇರಲಿಲ್ವಾ ಅಂತ ಎಲ್ಲರೂ ಕೇಳಿದರು. ಇತ್ತು. 15 ಆಂಪ್‌ದು, ಸ್ಟಿಯರಿಂಗ್ ಪಕ್ಕದ ಪ್ಯಾನಲ್ಲಿನಲ್ಲಿ, ಬ್ಯಾಟರಿಯಿಂದ ಎಂಟು ಅಡಿ ದೂರ. ಲೆಕ್ಕವೇನೂ ತಪ್ಪಿರಲಿಲ್ಲ, 55 ವಾಟಿನ ಎರಡು ಬಲ್ಬ್ ಅಂದರೆ 12 ವೋಲ್ಟಿಗೆ ಸುಮಾರು 9 ಆಂಪ್, 15ರ ಫ್ಯೂಸ್ ಸರಿಯೇ. ಆದರೆ ಬ್ಯಾಟರಿಯಿಂದ ಪ್ಯಾನಲ್ಲಿಗೆ ಬರುವ ದಾರಿಯಲ್ಲಿ ವೈರನ್ನು ಎಂಜಿನ್ ಬ್ರಾಕೆಟ್ಟಿನ ಒಂದು ತೂತಿನಲ್ಲಿ ರಬ್ಬರ್ ಬುಷ್ ಇಲ್ಲದೆ ಹಾಗೇ ಎಳೆದಿದ್ದರು. ಎಂಜಿನ್ ನಡುಕಕ್ಕೆ ಉಜ್ಜಿ ಉಜ್ಜಿ ತೊಗಟೆ ಹೋಗಿ ತಾಮ್ರ ನೇರ ಕಬ್ಬಿಣಕ್ಕೆ ತಾಗಿದೆ. ಬ್ಯಾಟರಿಯ ಮೈನಸ್ಸನ್ನು ಎಂಜಿನ್ ಮೈಗೇ ಕೊಟ್ಟಿದ್ದರಿಂದ (ಇದಕ್ಕೇ ಅರ್ಥ್ ಅನ್ನೋದು) ಅಲ್ಲೇ ಶಾರ್ಟ್. ಕಾರ್ ಬ್ಯಾಟರಿ ಶಾರ್ಟ್ ಆದರೆ ನೂರಾರು ಆಂಪ್ ಹರಿಯುತ್ತೆ, ಆದರೆ ಅದರಲ್ಲಿ ಒಂದು ಆಂಪ್ ಕೂಡ ನಮ್ಮ ಫ್ಯೂಸ್ ತನಕ ಬರಲೇ ಇಲ್ಲ, ಹಾಗಾಗಿ ಅದು ಹಾರಲೂ ಇಲ್ಲ. ಅದನ್ನು ಇವತ್ತಿಗೂ ಇಟ್ಟಿದ್ದೇನೆ, ಹೊಸದರ ಹಾಗಿದೆ.

ಫ್ಯೂಸ್ ಇರೋದು ಲೈಟ್ ಉಳಿಸೋಕೆ ಅಂತ ಅಂದುಕೊಂಡಿದ್ದೆ. ಅದು ವೈರ್ ಕಾಯೋಕೆ. ಅದಕ್ಕೇ ಬ್ಯಾಟರಿ ಪಕ್ಕದಲ್ಲೇ ಕೂರಬೇಕು. ಅಮೆರಿಕದ ಬೋಟ್ ನಿಯಮದಲ್ಲಿ ಸಾಮಾನ್ಯವಾಗಿ 7 ಇಂಚಿನ ಒಳಗೆ ಅಂತಲೇ ಇದೆ.

ಇದಕ್ಕಿಂತ ಹೆದರಿಕೆ ಹುಟ್ಟಿಸಿದ್ದು ಆಮೇಲೆ ಗೊತ್ತಾದ ವಿಷಯ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಜೀಪಿನಲ್ಲಿ ಸೋರಿದರೆ ಕೆಳಗೆ ರಸ್ತೆಗೆ ಹೋಗಿ ಚದುರುತ್ತೆ. ಬೋಟಿಗೆ ತಳ ಇದೆಯಲ್ಲ, ಅದು ಅಲ್ಲೇ ಕೂರುತ್ತೆ, ಒಂದು ಕಿಡಿಗೆ ಕಾಯ್ತಾ. ಕಾರಿನ ರಿಲೇ (ಕರೆಂಟಿನಿಂದಲೇ ಆನ್-ಆಫ್ ಆಗುವ ಸ್ವಿಚ್), ಸ್ವಿಚ್ಚುಗಳ ಒಳಗೆ ಚಿಕ್ಕ ಕಿಡಿ ಹಾರೋದು ಮಾಮೂಲಿ, ಅವನ್ನೇ ಉಸ್ತಾದರು ಎಂಜಿನ್ ಪೆಟ್ಟಿಗೆಯೊಳಗೆ ಕೂರಿಸಿದ್ದರು. ಅವತ್ತು ಬೆಳಿಗ್ಗೆಯಿಂದ ಪೆಟ್ಟಿಗೆಯ ಮುಚ್ಚಳ ತೆಗೆದಿಟ್ಟಿದ್ದೆವು, ಅದೂ ವಾರ್ನಿಷ್ ವಾಸನೆ ಹೋಗಲಿ ಅಂತ. ಮುಚ್ಚಿದ್ದರೆ ಇದನ್ನು ಬರೆಯೋಕೆ ನಾನು ಇರ್ತಿದ್ದೆನೋ ಇಲ್ಲವೋ.

ಎಲ್ಲಾ ವೈರ್ ಕಿತ್ತು ಹಾಕಿದೆವು. ಕೀಳುವಾಗ ನೋಡಿದರೆ ಅರ್ಧ ಜಾಯಿಂಟು ಬರೀ ತಿರುಚಿ ಟೇಪ್ ಸುತ್ತಿದ್ದು. ನಮ್ಮ ಕಡೆ ಬಿಸಿಲಿಗೆ ಟೇಪಿನ ಗಮ್ ಕರಗಿ ಸುರುಳಿ ತಾನೇ ಬಿಚ್ಚಿಕೊಂಡಿತ್ತು. ಹಾರ್ನಿಗೆ ಹಾಕಿದ್ದು ಮನೆ ವೈರಿಂಗಿನ ಒಂಟಿ ತಂತಿ, ನಡುಕಕ್ಕೆ ಮುರಿಯೋದು ಗ್ಯಾರಂಟಿ. ಈಗ ತವರ ಲೇಪಿಸಿದ, ಎಳೆ ಎಳೆಯ ಬೋಟ್ ವೈರ್ ತರಿಸಿದ್ದೇವೆ, ರೇಟ್ ಜಾಸ್ತಿನೇ. ತುದಿಗೆಲ್ಲ ಲಗ್, ಅಂದರೆ ಲೋಹದ ಟೋಪಿ, ಒತ್ತಿಸಿ, ಮೇಲೆ ಬಿಸಿಗೆ ಕುಗ್ಗಿ ಬಿಗಿಯುವ ಶ್ರಿಂಕ್ ಟ್ಯೂಬ್. ಮರದ ಬೋಟಿಗೆ ಜೀಪಿನ ಹಾಗೆ ಕರೆಂಟ್ ವಾಪಸ್ ಬರೋಕೆ ಕಬ್ಬಿಣದ ಚಾಸಿಸ್ ಇಲ್ಲ, ಆದ್ದರಿಂದ ಪ್ರತಿಯೊಂದಕ್ಕೂ ಮೈನಸ್ ವೈರ್ ಬೇರೆಯಾಗಿ ವಾಪಸ್ ಬ್ಯಾಟರಿ ಕಡೆ, ಮೈನಸ್‌ಗಳೆಲ್ಲ ಸೇರುವ ಪಟ್ಟಿಗೇ ಬರುತ್ತೆ. ಮೇನ್ ಸ್ವಿಚ್ ಪೆಟ್ಟಿಗೆಯ ಹೊರಗೆ, ಕೈಗೆ ಸಿಗುವ ಹಾಗೆ. ತಳದ ನೀರು ಎತ್ತುವ ಪಂಪ್ ಮಾತ್ರ ಮೇನ್ ಸ್ವಿಚ್ ಬಿಟ್ಟು ನೇರ ಬ್ಯಾಟರಿಗೆ, ಅದರದೇ ಫ್ಯೂಸಿನ ಜೊತೆ, ಯಾಕಂದ್ರೆ ನಾವು ಎಲ್ಲ ಆಫ್ ಮಾಡಿ ಮನೆಗೆ ಬಂದಾಗಲೇ ಅದರ ಕೆಲಸ ಇರೋದು. ಎಂಜಿನ್ ಶುರು ಮಾಡೋಕೆ ಮುಂಚೆ ನಾಲ್ಕು ನಿಮಿಷ ಬ್ಲೋವರ್, ಅಂದರೆ ಪೆಟ್ಟಿಗೆಯೊಳಗಿನ ಆವಿ ಹೊರಗೆ ತಳ್ಳುವ ಫ್ಯಾನ್, ಓಡಿಸ್ತೇವೆ, ಅದೂ ಕಿಡಿ ಹೊರಬಿಡದ ಬೋಟ್ ಬ್ಲೋವರೇ.

ಹಳೇ ಇಂಗ್ಲಿಷ್ ಎಂಜಿನ್ ಇರುವವರು ಇನ್ನೊಂದು ನೋಡಿಕೊಳ್ಳಿ. ಆ ಕಾಲದ ಸುಮಾರು ಎಂಜಿನ್‌ಗಳಲ್ಲಿ ಮೈನಸ್ ಬದಲು ಪ್ಲಸ್ಸೇ ಅರ್ಥ್ ಇರುತ್ತೆ. ಮೀಟರ್ ಹಿಡಿದು ನೋಡದೆ ಈಗಿನ ಚಾರ್ಜರ್, ಎಲ್‌ಇಡಿ ಏನನ್ನೂ ಜೋಡಿಸಬೇಡಿ. ನಮ್ಮದು ಮೈನಸ್ಸೇ, ಮೂರು ಸಲ ನೋಡಿದ್ದೇವೆ. ಆದರೂ ಚಾರ್ಜರ್ ಇನ್ನೂ ಹಾಕಿಲ್ಲ. ಗೆಳೆಯ ಬೇಡ ಅಂತಾನೆ. ಮೊಬೈಲ್ ಮನೆಯಲ್ಲೇ ಫುಲ್ ಚಾರ್ಜ್ ಮಾಡಿಕೊಂಡು ಹೋಗ್ತೇವೆ, ಪಾನಾ ಮಾತ್ರ ಅವನ ಜೇಬಲ್ಲೇ ಇರುತ್ತೆ.