ಅಗಳು ದಾಟಿ ಒಳಗೆ: ಬ್ಯಾಡ್ಸ್ಲಿ ಕ್ಲಿಂಟನ್

ಹೊಸನಗರದ ನಮ್ಮ ತೋಟಕ್ಕೆ ಅಗಳು, ಅಂದರೆ ಸುತ್ತಲೂ ಕಾವಲಿನ ಕಂದಕ, ಹೊಡೆಸುತ್ತಿದ್ದ ದಿನ ಅಣ್ಣನಿಗೆ ಇಂಗ್ಲೆಂಡಿನ ಬ್ಯಾಡ್ಸ್ಲಿ ಕ್ಲಿಂಟನ್ ಎಂಬ ಹಳೆಯ ಮನೆಯ ಚಿತ್ರ ತೋರಿಸಿದೆ. ಬರ್ಮಿಂಗ್‌ಹ್ಯಾಮಿನ ಮಗಳ ಮನೆಗೆ ಹೋಗಿದ್ದಾಗ ನೋಡಿದ್ದು. ನಮ್ಮ ಕಡೆಯಿಂದ ಮಕ್ಕಳ ಮನೆಗೆಂದು ಅಲ್ಲಿಗೆ ಹೋಗುವವರಿಗೆ ಹೇಳುತ್ತೇನೆ: ಲಂಡನ್ನಿನ ಅರಮನೆಗಳಿಗಿಂತ ಮೊದಲು ಇದನ್ನು ನೋಡಿ.

ವಾರಿಕ್‌ಷೈರಿನ ಹಸಿರಿನ ನಡುವೆ ಬೂದುಗಲ್ಲಿನ ಮನೆ, ಸುತ್ತಲೂ ನೀರು, ದಾಟಲು ಇಟ್ಟಿಗೆಯ ಸೇತುವೆ. ಬಿದನೂರು ನಗರದ ಕೋಟೆಯ ಕಂದಕ ನೋಡಿ ಬೆಳೆದ ನನಗೆ ಇದೂ ಯುದ್ಧಕ್ಕೆ ತೋಡಿದ್ದು ಅನ್ನಿಸಿತ್ತು. ಅಲ್ಲ. ಇಂಗ್ಲೆಂಡಿನಲ್ಲಿ ಇಂಥ ಸುಮಾರು 6,000 ತಾಣಗಳಿವೆ. ಹೆಚ್ಚಿನವು 1250ರಿಂದ 1350ರ ನಡುವಿನವು. ಸೈನ್ಯ ಬಂದರೆ ತಡೆಯುವಂಥವಲ್ಲ. ಕಳ್ಳರೂ ದನಗಳೂ ಒಳನುಗ್ಗಬಾರದು, ಮೀನು ಸಿಗಬೇಕು, ಒಡೆಯನ ಅಂತಸ್ತು ಊರಿಗೆ ಕಾಣಬೇಕು. ಅಂತಸ್ತು, ಮೀನು ಬಿಟ್ಟರೆ ನಮ್ಮ ಅಗಳಿನದೇ ಕೆಲಸ!

ಫೆರರ್ಸ್ ಮನೆತನ ಇಲ್ಲಿ ತಲೆಮಾರುಗಳ ಕಾಲ ಬಾಳಿತು. 1980ರಿಂದ ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ ನೋಡಿಕೊಳ್ಳುತ್ತಿದೆ. ಕೋಣೆಗಳು ಚಿಕ್ಕವು, ಮರದ ಹಲಗೆ ಹೊದಿಸಿದ ಗೋಡೆಗಳು. ನಮ್ಮ ಹಳೆಯ ಮನೆಗಳ ಮಬ್ಬು ಬೆಳಕೇ ಅಲ್ಲೂ ಇದೆ. ಆದರೆ ನಾನು ಬಹಳ ಹೊತ್ತು ನಿಂತದ್ದು ಅಡುಗೆಮನೆಯಲ್ಲಿ. ಅದರ ಕೆಳಗೆ ಹಳೆಯ ಕೊಳಚೆ ಕಾಲುವೆಯೊಂದಿದೆ. ಕ್ಯಾಥೊಲಿಕ್ ಪಾದ್ರಿಗಳು ಸಿಕ್ಕಿಬಿದ್ದರೆ ಮರಣದಂಡನೆಯೇ ಆಗುತ್ತಿದ್ದ ಕಾಲ. 1591ರ ಅಕ್ಟೋಬರಿನಲ್ಲಿ ಅಧಿಕಾರಿಗಳು ಮನೆ ಶೋಧಿಸಲು ಬಂದಾಗ, ಅಲ್ಲಿದ್ದ ಪಾದ್ರಿಗಳು ಆ ಕಾಲುವೆಗಿಳಿದು ನೀರಿನಲ್ಲಿ ಕಾಲಿಟ್ಟು ನಾಲ್ಕು ಗಂಟೆ ಉಸಿರು ಬಿಗಿಹಿಡಿದು ನಿಂತರು. ಮೇಲೆ ಆನ್ ವಾಕ್ಸ್ ಎಂಬ ಹೆಣ್ಣುಮಗಳು ಮನೆಯೊಡತಿಯಾಗಿ ನಿಂತು ಬಂದವರನ್ನು ಎದುರಿಸಿದಳು. ಒಬ್ಬರೂ ಸಿಗಲಿಲ್ಲ. ಆ ಅಡಗುತಾಣ ನಿಕೊಲಸ್ ಓವನ್ ಎಂಬ ಬಡಗಿಯ ಕೈಕೆಲಸ ಎನ್ನುತ್ತಾರೆ. ಕೆಳಗೆ ಇಣುಕಿದಾಗ ನನ್ನ ಪಾದವೇ ತಣ್ಣಗಾಯಿತು.

ಹತ್ತಿರದ ರೈಲು ನಿಲ್ದಾಣ ಲ್ಯಾಪ್‌ವರ್ತ್, ಅಲ್ಲಿಂದ ಸುಮಾರು ಮೂರು ಕಿಲೋಮೀಟರ್. ನಡೆಯಬಲ್ಲವರು ನಡೆದೇ ಹೋಗಿ. ಮಂಡಿನೋವಿರುವವರಿಗೆ ಮೆಟ್ಟಿಲು ಕಷ್ಟ, ಆದರೆ ನೀರಿನ ಅಂಚಿನಲ್ಲಿ ಕೂತರೂ ಹೋದದ್ದು ವ್ಯರ್ಥವಲ್ಲ.

ಅಣ್ಣ ಚಿತ್ರವನ್ನು ದೂರ ಹಿಡಿದು ನೋಡಿ, "ಬೇಸಿಗೆಯಲ್ಲೂ ನೀರು ಇಂಗುವುದಿಲ್ಲವೇನೋ ಮಾರಾಯಾ?" ಎಂದ. ಅಂಥ ಕಡೆ ನೆಲ ಜೇಡಿಮಣ್ಣಿನದು, ನೀರು ಹಿಡಿಯುತ್ತದೆ ಎಂದೆ. ಅವನು ಜೆಸಿಬಿ ಎತ್ತಿ ಹಾಕಿದ್ದ ಜಂಬಿಟ್ಟಿಗೆಯ ತುಂಡೊಂದನ್ನು ಕೈಗೆತ್ತಿಕೊಂಡು, ಅದರ ತೂತುಗಳಲ್ಲಿ ಬೆರಳಾಡಿಸುತ್ತಾ ಇನ್ನೊಮ್ಮೆ ಚಿತ್ರ ಕೇಳಿದ.