ಮೊಗ್ಗು ಬಿಡುವ ಫಲೆನಾಪ್ಸಿಸ್ ಆರ್ಕಿಡ್‌ಗೆ ತೊಗಟೆಯೋ, ಮಾಸೋ?

ತೊಗಟೆ ಚೂರು ತುಂಬಿದ ಕುಂಡಕ್ಕೆ ಸುಮಾರು 5–7 ದಿನಕ್ಕೊಮ್ಮೆ ನೀರು ಬೇಕು. ಸ್ಫ್ಯಾಗ್ನಮ್ ಮಾಸ್ (ನೀರು ಹಿಡಿದಿಡುವ ಒಂದು ಬಗೆಯ ಪಾಚಿ) ಆದರೆ 10–12 ದಿನ ತಡೆಯುತ್ತದೆ. ದಿನ ಎಣಿಸುವುದಕ್ಕಿಂತ ಬೇರು ನೋಡುವುದೇ ವಾಸಿ: ಪಾರದರ್ಶಕ ಕುಂಡದೊಳಗೆ ಬೇರು ಹಸಿರಾಗಿದ್ದರೆ ಕಾಯಿರಿ, ಬೆಳ್ಳಿಬಣ್ಣಕ್ಕೆ ತಿರುಗಿದರೆ ನೀರು ಹಾಕಿ. ತೊಗಟೆಯಲ್ಲಿ ನೀರು ಮರೆತರೆ ಮೊಗ್ಗು ಹಳದಿಯಾಗಿ ಉದುರುತ್ತದೆ. ಮಾಸ್‌ನಲ್ಲಿ ಅತಿಯಾದರೆ ಬೇರು ಕೊಳೆತು, ಗಿಡ ನೀರಿನ ನಡುವೆಯೇ ಬಾಯಾರಿ ಸೊರಗುತ್ತದೆ. ಹಾಗಾಗಿ ದಿನವೂ ನೀರು ಹಾಕಲು ಕೈ ತುರಿಸುವವರಿಗೆ ತೊಗಟೆ, ಮರೆಗುಳಿಗಳಿಗೆ ಮಾಸ್.

ಹೂದಂಟು ಕಾಣಿಸಿದ ಮೇಲೆ ಮಾತ್ರ ಕುಂಡ ಬದಲಿಸಬೇಡಿ. (ಹೊಸ ಬೇರನ್ನು ದಂಟು ಅಂದುಕೊಳ್ಳಬೇಡಿ: ಬೇರಿನ ತುದಿ ಗುಂಡಗೆ, ದಂಟಿನದು ತುಸು ಚಪ್ಪಟೆ, ಚೂಪು, ಮೊದಲ ವಾರ ಎಂಥವರೂ ಮೋಸಹೋಗುತ್ತಾರೆ.) ಕುಂಡ ಯಾವುದೇ ಇರಲಿ, ದಂಟು ಹೊರಡಲು ರಾತ್ರಿ 16–18 ಡಿಗ್ರಿ ಸೆಲ್ಸಿಯಸ್ ತಂಪು ಕೆಲವು ವಾರ ಸಿಗಬೇಕು. ಮಾಗುವ ಹಣ್ಣಿನ ಬುಟ್ಟಿ ದೂರವಿರಲಿ. ಅದರ ಎಥಿಲೀನ್ ಅನಿಲಕ್ಕೆ ಮೊಗ್ಗು ಕಳಚುತ್ತದೆ.